ವಿದೇಶಿ ಅಂಗಡಿಯ ಲ್ಯಾಪ್‌ಟಾಪ್ ಹಾಸನದ ಮನೆ ಮುಟ್ಟುವ ಹೊತ್ತಿಗೆ ಎಷ್ಟಾಗುತ್ತದೆ: ಸುಂಕ, ಬೆಲೆ ಮತ್ತು ಕಾಗದಪತ್ರಗಳ ಸಮಗ್ರ ಮಾರ್ಗದರ್ಶಿ

ಅಮೆರಿಕದ ಅಂಗಡಿಯ ಜಾಲತಾಣದಲ್ಲಿ ಸಾವಿರ ಡಾಲರ್ ಎಂದು ಕಾಣುವ ಲ್ಯಾಪ್‌ಟಾಪಿನ ಬೆಲೆಯನ್ನು ರೂಪಾಯಿಗೆ ತಿರುಗಿಸಿ, ಅದನ್ನು ಹಾಸನದ ಬಿ.ಎಂ. ರಸ್ತೆಯ ಅಂಗಡಿಯವರು ಹೇಳುವ ಬೆಲೆಯ ಪಕ್ಕದಲ್ಲಿಟ್ಟು ನೋಡಿದವರಿಗೆ ಮೊದಲು ಬರುವುದು ಸಿಟ್ಟು. ಇಪ್ಪತ್ತು, ಮೂವತ್ತು ಸಾವಿರ ರೂಪಾಯಿಯನ್ನು ಇಲ್ಲಿ ಸುಮ್ಮನೆ ಕೊಡುತ್ತಿದ್ದೇವೆ ಎನಿಸುತ್ತದೆ. ಆದರೆ ಹೋಲಿಸಬೇಕಾದದ್ದು ಆ ಎರಡು ಅಂಕಿಗಳನ್ನಲ್ಲ. ಚಿಕ್ಕಮಗಳೂರು, ಸಕಲೇಶಪುರದ ಕಾಫಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಐವತ್ತು ಕೆ.ಜಿ. ಚೆರಿ ಮೂಟೆಗೆ ವ್ಯಾಪಾರಿ ಕೂಗುವ ದರವೇ ಬೇರೆ, ಔಟ್‌ಟರ್ನ್ (ಚೆರಿಯಿಂದ ಸಿಗುವ ಬೀಜದ ಪ್ರಮಾಣ) ಮತ್ತು ತೇವಾಂಶದ ಲೆಕ್ಕ ಮುಗಿದು ಕೈಗೆ ಬರುವ ದುಡ್ಡೇ ಬೇರೆ. ಲ್ಯಾಪ್‌ಟಾಪಿನಲ್ಲೂ ನೋಡಬೇಕಾದದ್ದು ಮನೆ ಮುಟ್ಟಿದ ಬೆಲೆಯನ್ನು, ಅಂದರೆ ಸಾಗಣೆ, ತೆರಿಗೆ, ಬ್ಯಾಂಕಿನ ಶುಲ್ಕ, ಕೊರಿಯರ್ ಶುಲ್ಕ ಎಲ್ಲವೂ ಸೇರಿದ ಮೊತ್ತವನ್ನು. ಆ ಮೊತ್ತವನ್ನು ಆರ್ಡರ್ ಮಾಡುವ ಮೊದಲೇ ಮನೆಯಲ್ಲಿ ಕುಳಿತು ಲೆಕ್ಕ ಹಾಕುವ ಕ್ರಮವನ್ನು, ಆಮೇಲೆ ಆ ಲೆಕ್ಕ ಹಳಿ ತಪ್ಪದಂತೆ ಕಾಯ್ದುಕೊಳ್ಳುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲ ಹೆಜ್ಜೆ: ತರಿಸಲು ಅನುಮತಿ ಇದೆಯೇ?

2023ರ ಆಗಸ್ಟ್ 3ರಂದು ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯವು ಲ್ಯಾಪ್‌ಟಾಪ್, ಟ್ಯಾಬ್ಲೆಟ್, ಆಲ್-ಇನ್-ಒನ್ ಕಂಪ್ಯೂಟರ್, ಸರ್ವರ್ ಮುಂತಾದವುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಅಂದಿನ ಪತ್ರಿಕೆಗಳ ತಲೆಬರಹ ಓದಿದವರಲ್ಲಿ ಹಲವರು ಇನ್ನು ಮುಂದೆ ಹೊರದೇಶದಿಂದ ಲ್ಯಾಪ್‌ಟಾಪ್ ತರಿಸುವುದೇ ಸಾಧ್ಯವಿಲ್ಲ ಎಂದು ನಂಬಿದರು. ಇವತ್ತಿಗೂ ಹಾಗೆಂದೇ ಹೇಳುವವರಿದ್ದಾರೆ. ಅದೇ ಅಧಿಸೂಚನೆಯಲ್ಲಿ ಸಾಮಾನ್ಯ ಜನರಿಗೆ ಎರಡು ಬಾಗಿಲುಗಳನ್ನು ತೆರೆದಿಡಲಾಗಿದೆ. ಪ್ರಯಾಣಿಕರು ತಮ್ಮ ಬ್ಯಾಗೇಜಿನಲ್ಲಿ ತರುವ ಲ್ಯಾಪ್‌ಟಾಪಿಗೆ ಈ ನಿರ್ಬಂಧವಿಲ್ಲ. ಅಂಚೆ ಅಥವಾ ಕೊರಿಯರ್ ಮೂಲಕ, ಇ-ಕಾಮರ್ಸ್ ತಾಣದಿಂದ ಕೊಂಡದ್ದನ್ನೂ ಸೇರಿಸಿ, ಒಂದು ಲ್ಯಾಪ್‌ಟಾಪನ್ನು ಅನ್ವಯವಾಗುವ ಸುಂಕ ಕಟ್ಟಿ ಪರವಾನಗಿಯಿಲ್ಲದೆ ತರಿಸಿಕೊಳ್ಳಬಹುದು. ಒಂದು ಎಂಬುದನ್ನು ಒಂದು ಎಂದೇ ಓದಿಕೊಳ್ಳಬೇಕು: ಅಣ್ಣನಿಗೊಂದು, ತಂಗಿಗೊಂದು ಎಂದು ಒಂದೇ ಪೆಟ್ಟಿಗೆಯಲ್ಲಿ ಎರಡನ್ನು ತರಿಸಿದರೆ ಈ ವಿನಾಯಿತಿ ಸಿಗುವುದಿಲ್ಲ.

ಬಳಸಿದ ಅಥವಾ ರೀಫರ್ಬಿಶ್ ಮಾಡಿದ ಲ್ಯಾಪ್‌ಟಾಪ್‌ಗಳ ಗೊಡವೆಗೇ ಹೋಗಬೇಡಿ. ಸೆಕೆಂಡ್ ಹ್ಯಾಂಡ್ ಕಂಪ್ಯೂಟರುಗಳ ಆಮದಿಗೆ ವಿದೇಶಿ ವ್ಯಾಪಾರ ನೀತಿಯಲ್ಲಿ ಬೇರೆಯೇ ನಿರ್ಬಂಧವಿದೆ. ಹೊರದೇಶದ ತಾಣಗಳಲ್ಲಿ ಅವು ಎಷ್ಟೇ ಅಗ್ಗವಾಗಿ ಕಂಡರೂ ಬೆಂಗಳೂರಿನ ಕಸ್ಟಮ್ಸ್ ಟರ್ಮಿನಲ್‌ನಲ್ಲಿ ಸಿಕ್ಕಿಕೊಂಡರೆ ಬಿಡಿಸಿಕೊಳ್ಳುವುದು ಕಷ್ಟ. ಉಡುಗೊರೆ ಎಂದು ಬರೆಸುವ ಹಳೆಯ ಉಪಾಯವೂ ಈಗ ನಡೆಯದು. 2019ರ ಡಿಸೆಂಬರಿನಿಂದ ಜೀವರಕ್ಷಕ ಔಷಧ ಮತ್ತು ರಾಖಿಯ ಹೊರತು ಬೇರೆ ವಸ್ತುಗಳಿಗೆ ಉಡುಗೊರೆಯ ಹೆಸರಿನ ಸುಂಕ ವಿನಾಯಿತಿ ಇಲ್ಲ.

ಯಾರಾದರೂ ಊರಿಗೆ ಬರುವವರಿದ್ದರೆ

ಅಮೆರಿಕದಿಂದಲೋ ದುಬೈಯಿಂದಲೋ ಸಂಬಂಧಿಕರು ಊರಿಗೆ ಬರುವವರಿದ್ದರೆ ಈ ಲೇಖನದ ಅರ್ಧ ಭಾಗ ನಿಮಗೆ ಬೇಕಾಗುವುದೇ ಇಲ್ಲ. ವಿಮಾನದ ಸಿಬ್ಬಂದಿಯಲ್ಲದ, 18 ವರ್ಷ ತುಂಬಿದ ಪ್ರತಿ ಪ್ರಯಾಣಿಕರೂ ತಮ್ಮ ಬ್ಯಾಗೇಜಿನಲ್ಲಿ ಒಂದು ಲ್ಯಾಪ್‌ಟಾಪನ್ನು ಯಾವ ಕಸ್ಟಮ್ಸ್ ಸುಂಕವೂ ಇಲ್ಲದೆ ತರಬಹುದು. ಇದು ಉಳಿದ ವಸ್ತುಗಳಿಗಿರುವ ಸಾಮಾನ್ಯ ವಿನಾಯಿತಿ ಮಿತಿಯ ಹೊರಗೆ, ಪ್ರತ್ಯೇಕವಾಗಿ ಸಿಗುವ ಸೌಲಭ್ಯ. ಲ್ಯಾಪ್‌ಟಾಪಿನ ಬೆಲೆ ಎಷ್ಟೆಂಬುದು ಇಲ್ಲಿ ಅಡ್ಡ ಬರುವುದಿಲ್ಲ.

ಎಡವುವುದು ಎಲ್ಲಿ ಎಂದರೆ, ಬರುವವರ ಹೆಗಲಿನಲ್ಲಿ ಅವರ ಆಫೀಸಿನ ಲ್ಯಾಪ್‌ಟಾಪ್ ಮೊದಲೇ ಇರುತ್ತದೆ. ನಿಮ್ಮದು ಎರಡನೆಯದಾಗುತ್ತದೆ, ಪೆಟ್ಟಿಗೆಯಲ್ಲಿ ಸೀಲ್ ಆಗಿದ್ದರಂತೂ ಪ್ರಶ್ನೆ ಏಳುವುದು ಸಹಜ. ಆದ್ದರಿಂದ ಕೇಳಿಕೊಳ್ಳುವ ಮೊದಲು ಅವರು ಎಷ್ಟು ಲ್ಯಾಪ್‌ಟಾಪ್‌ಗಳೊಂದಿಗೆ ಬರುತ್ತಿದ್ದಾರೆ ಎಂದು ವಿಚಾರಿಸಿ. ದಂಪತಿಗಳಾಗಿ ಬರುತ್ತಿದ್ದು ಒಬ್ಬರ ಕೈ ಖಾಲಿಯಿದ್ದರೆ ತೊಂದರೆಯಿಲ್ಲ. ಬಿಲ್ಲಿನ ಪ್ರತಿ ಜೊತೆಯಲ್ಲಿರಲಿ, ಲ್ಯಾಪ್‌ಟಾಪ್ ಕೈಚೀಲದಲ್ಲೇ ಇರಲಿ. ನೆಂಟರ ಮೇಲೆ ಭಾರ ಹೊರಿಸುವುದು ನಮ್ಮಲ್ಲಿ ಸಲೀಸಾಗಿ ನಡೆಯುವ ಸಂಗತಿ. ಆದರೆ ಕಸ್ಟಮ್ಸ್ ಕೌಂಟರಿನ ಮುಂದೆ ನಿಂತು ಉತ್ತರ ಕೊಡಬೇಕಾದವರು ಅವರೇ ಎಂಬುದು ನೆನಪಿರಲಿ.

ಎರಡನೆಯ ಹೆಜ್ಜೆ: ವಿದೇಶಿ ಬೆಲೆಯಲ್ಲಿ ತೆರಿಗೆ ಸೇರಿದೆಯೇ?

ಅಮೆರಿಕದ ತಾಣಗಳು ತೋರಿಸುವ ಬೆಲೆಯಲ್ಲಿ ಮಾರಾಟ ತೆರಿಗೆ ಸೇರಿರುವುದಿಲ್ಲ. ಅದು ಪಾರ್ಸೆಲ್ ತಲುಪುವ ರಾಜ್ಯವನ್ನು ನೋಡಿಕೊಂಡು ಕೊನೆಯ ಪುಟದಲ್ಲಿ ಸೇರುತ್ತದೆ. ನೇರವಾಗಿ ಭಾರತಕ್ಕೆ ಕಳುಹಿಸುವ ಅಂಗಡಿಯಾದರೆ ಸಾಮಾನ್ಯವಾಗಿ ಈ ತೆರಿಗೆ ಬೀಳುವುದಿಲ್ಲ. ಭಾರತಕ್ಕೆ ಕಳುಹಿಸದ ಅಂಗಡಿಯಿಂದ ಪಾರ್ಸೆಲ್ ಫಾರ್ವರ್ಡಿಂಗ್ ಸಂಸ್ಥೆಯ ಗೋದಾಮಿನ ಮೂಲಕ ತರಿಸುವುದಾದರೆ ಆ ಗೋದಾಮು ಯಾವ ರಾಜ್ಯದಲ್ಲಿದೆ ಎಂದು ನೋಡಬೇಕು. ಒರೆಗಾನ್, ಡೆಲವೇರ್, ಮೊಂಟಾನಾ ಮತ್ತು ನ್ಯೂ ಹ್ಯಾಂಪ್‌ಶೈರ್‌ಗಳಲ್ಲಿ ರಾಜ್ಯ ಮಟ್ಟದ ಮಾರಾಟ ತೆರಿಗೆ ಇಲ್ಲ.

ಯುರೋಪಿನ ಕಥೆ ಇದಕ್ಕೆ ತಿರುವುಮುರುವು. ಬ್ರಿಟನ್ನಿನ ಅಂಗಡಿ ತೋರಿಸುವ ಬೆಲೆಯಲ್ಲಿ ಶೇ. 20, ಜರ್ಮನಿಯ ಅಂಗಡಿಯ ಬೆಲೆಯಲ್ಲಿ ಶೇ. 19 ಮೌಲ್ಯವರ್ಧಿತ ತೆರಿಗೆ ಮೊದಲೇ ಸೇರಿರುತ್ತದೆ. ಸಿಂಗಪುರದಲ್ಲಿ 2024ರಿಂದ ಶೇ. 9. ರಫ್ತಾಗುವ ಸರಕಿಗೆ ಆ ದೇಶದ ತೆರಿಗೆ ಬೀಳಬಾರದು, ಆದ್ದರಿಂದ ಭಾರತದ ವಿಳಾಸ ಹಾಕಿದಾಗ ಬೆಲೆ ಇಳಿಯಬೇಕು. ಎಷ್ಟು ಇಳಿಯಬೇಕು ಎಂಬಲ್ಲಿ ಬಹಳ ಮಂದಿ ತಪ್ಪು ಲೆಕ್ಕ ಹಾಕುತ್ತಾರೆ. 1,200 ಪೌಂಡಿನಿಂದ ಶೇ. 20 ಕಳೆದು 960 ಎನ್ನುವುದು ಸರಿಯಲ್ಲ; 1,200ನ್ನು 1.20ರಿಂದ ಭಾಗಿಸಬೇಕು, ಆಗ ಬರುವುದು 1,000 ಪೌಂಡ್. ವಿಳಾಸ ಬದಲಿಸಿದರೂ ಬೆಲೆ ಇಳಿಯದಿದ್ದರೆ ಆ ಅಂಗಡಿಯನ್ನು ಬಿಟ್ಟುಬಿಡಿ, ಏಕೆಂದರೆ ಅಲ್ಲಿನ ತೆರಿಗೆಯನ್ನೂ ಇಲ್ಲಿನ ತೆರಿಗೆಯನ್ನೂ ನೀವೇ ಹೊರಬೇಕಾಗುತ್ತದೆ.

ಮೂರನೆಯ ಹೆಜ್ಜೆ: ಸುಂಕದ ಲೆಕ್ಕ

ಲ್ಯಾಪ್‌ಟಾಪ್ ಬರುವುದು ಕಸ್ಟಮ್ಸ್ ಸುಂಕಪಟ್ಟಿಯ 8471 ಎಂಬ ಶೀರ್ಷಿಕೆಯಡಿ. ಪೂರ್ಣ ಸಂಖ್ಯೆ 8471 30 10. ವಿಶ್ವ ವ್ಯಾಪಾರ ಸಂಘಟನೆಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಭಾರತ ಸಹಿ ಹಾಕಿರುವುದರಿಂದ ಈ ಶೀರ್ಷಿಕೆಯ ಮೂಲ ಕಸ್ಟಮ್ಸ್ ಸುಂಕ ಶೂನ್ಯ. ಸಮಾಜ ಕಲ್ಯಾಣ ಸರ್ಚಾರ್ಜನ್ನು ಲೆಕ್ಕ ಹಾಕುವುದು ಮೂಲ ಸುಂಕದ ಶೇ. 10 ಎಂದು, ಹಾಗಾಗಿ ಅದೂ ಶೂನ್ಯ. ಉಳಿಯುವುದು ಐಜಿಎಸ್‌ಟಿ, ಅಂದರೆ ಆಮದಿನ ಮೇಲೆ ಬೀಳುವ ಜಿಎಸ್‌ಟಿ, ಶೇ. 18 ಮಾತ್ರ. ಹಾಸನದ ಅಂಗಡಿಯಲ್ಲಿ ಕೊಂಡರೂ ನೀವು ಕಟ್ಟುವ ಜಿಎಸ್‌ಟಿ ಅದೇ ಶೇ. 18. ಸುಂಕದ ಹೆಸರಿನಲ್ಲಿ ಸರ್ಕಾರ ಲ್ಯಾಪ್‌ಟಾಪ್ ಕೊಳ್ಳುವವರನ್ನು ಸುಲಿಯುತ್ತದೆ ಎಂಬ ಮಾತು ಈ ಒಂದು ವಸ್ತುವಿನ ಮಟ್ಟಿಗೆ ನಿಜವಲ್ಲ.

ಈ ಶೇ. 18 ಯಾವ ಮೊತ್ತದ ಮೇಲೆ ಎಂಬುದು ಮುಖ್ಯ. ಕಸ್ಟಮ್ಸ್ ಲೆಕ್ಕ ಹಾಕುವುದು ಸರಕಿನ ಬೆಲೆ, ಸಾಗಣೆ ವೆಚ್ಚ ಮತ್ತು ವಿಮೆ ಈ ಮೂರೂ ಸೇರಿದ ಮೌಲ್ಯದ ಮೇಲೆ. ವಿಮೆಯ ಮೊತ್ತ ಗೊತ್ತಿಲ್ಲದಿದ್ದರೆ ಸರಕಿನ ಬೆಲೆಯ ಶೇ. 1.125 ಎಂದು ಹಿಡಿಯುತ್ತಾರೆ. ಸಾಗಣೆ ವೆಚ್ಚ ಗೊತ್ತಿಲ್ಲದಿದ್ದರೆ ಬೆಲೆಯ ಶೇ. 20 ಎಂದು ಹಿಡಿಯುತ್ತಾರೆ. ಡಾಲರಿನ ದರವೂ ಅಂದಿನ ಮಾರುಕಟ್ಟೆಯದಲ್ಲ, ಕೇಂದ್ರ ಪರೋಕ್ಷ ತೆರಿಗೆಗಳು ಮತ್ತು ಕಸ್ಟಮ್ಸ್ ಮಂಡಳಿ ಆಮದಿಗೆಂದು ಪ್ರಕಟಿಸುವ ದರ. ಅದು ಸಾಮಾನ್ಯವಾಗಿ ಗೂಗಲ್ ತೋರಿಸುವುದಕ್ಕಿಂತ ಸ್ವಲ್ಪ ಹೆಚ್ಚಿರುತ್ತದೆ.

ಈಗ ಕಾಗದ, ಪೆನ್ನು ತೆಗೆದುಕೊಳ್ಳಿ. ಲೆಕ್ಕ ಸುಲಭವಾಗಲೆಂದು ಎಲ್ಲ ಕಡೆಯೂ ಡಾಲರಿಗೆ ₹90 ಎಂದು ಇಟ್ಟುಕೊಳ್ಳೋಣ. ಲ್ಯಾಪ್‌ಟಾಪ್ 1,000 ಡಾಲರ್, ಅಂದರೆ ₹90,000. ಸಾಗಣೆ 60 ಡಾಲರ್, ₹5,400. ವಿಮೆಯೆಂದು ಹಿಡಿಯುವ ಶೇ. 1.125 ಎಂದರೆ ₹1,012.50, ಇದು ನಿಮ್ಮ ಜೇಬಿನಿಂದ ಹೋಗುವ ಹಣವಲ್ಲ, ಲೆಕ್ಕದಲ್ಲಿ ಮಾತ್ರ ಸೇರುವ ಅಂಕಿ. ಒಟ್ಟು ಮೌಲ್ಯ ₹96,412.50, ಅದರ ಮೇಲೆ ಶೇ. 18 ಐಜಿಎಸ್‌ಟಿ ₹17,354.

ಇಲ್ಲಿ ಒಂದು ಕ್ಷಣ ನಿಂತು, ಉಚಿತ ಸಾಗಣೆ ಎಂಬ ಆಮಿಷವನ್ನು ನೋಡೋಣ. ಇನ್‌ವಾಯ್ಸಿನಲ್ಲಿ ಸಾಗಣೆ ವೆಚ್ಚದ ಸಾಲೇ ಇಲ್ಲದಿದ್ದಾಗ ಅಧಿಕಾರಿ ಶೇ. 20ರ ನಿಯಮವನ್ನು ಅನ್ವಯಿಸಿದರೆ ₹5,400ರ ಜಾಗದಲ್ಲಿ ₹18,000 ಸೇರುತ್ತದೆ. ಐಜಿಎಸ್‌ಟಿ ₹19,622ಕ್ಕೆ ಏರುತ್ತದೆ. ಉಚಿತ ಎಂದು ಕರೆಸಿಕೊಂಡ ಸಾಗಣೆಗೆ ₹2,268 ಹೆಚ್ಚುವರಿ ತೆರಿಗೆ. ಆದ್ದರಿಂದ ಸಾಗಣೆ ವೆಚ್ಚ ಎಷ್ಟೇ ಇರಲಿ, ಅದನ್ನು ಬೇರೆ ಸಾಲಿನಲ್ಲಿ ನಮೂದಿಸಿ ಕೊಡುವಂತೆ ಅಂಗಡಿಯವರನ್ನು ಕೇಳಿ.

ಇನ್ನೊಂದು ಅಪಾಯ ಶೀರ್ಷಿಕೆಯದ್ದು. ವೈಯಕ್ತಿಕ ಬಳಕೆಗೆ ಬರುವ ಸುಂಕಾರ್ಹ ವಸ್ತುಗಳಿಗೆಂದೇ 9804 ಎಂಬ ಶೀರ್ಷಿಕೆ ಇದೆ, ಅದರಲ್ಲಿ ಮೂಲ ಸುಂಕ ಶೂನ್ಯವಲ್ಲ. ಮೂಲ ಸುಂಕ ಬಿದ್ದರೆ ಅದೊಂದೇ ಬೀಳುವುದಿಲ್ಲ. ಅದರ ಮೇಲೆ ಸರ್ಚಾರ್ಜ್, ಸರಕಿನ ಮೌಲ್ಯಕ್ಕೆ ಅವೆರಡೂ ಸೇರಿದ ಮೊತ್ತದ ಮೇಲೆ ಐಜಿಎಸ್‌ಟಿ ಎಂದು ಹನುಮಂತನ ಬಾಲದಂತೆ ಬೆಳೆಯುತ್ತದೆ. ಮೇಲಿನ ಲೆಕ್ಕದಲ್ಲೇ ಮೂಲ ಸುಂಕ ಶೇ. 10 ಎಂದು ಊಹಿಸಿ ಕೂಡಿದರೆ ಒಟ್ಟು ತೆರಿಗೆ ₹17,354ರಿಂದ ಸುಮಾರು ₹29,869ಕ್ಕೆ ಜಿಗಿಯುತ್ತದೆ. ಲ್ಯಾಪ್‌ಟಾಪನ್ನು 8471 30 10 ಅಡಿಯಲ್ಲೇ ದಾಖಲಿಸುತ್ತೀರಾ ಎಂದು ಕೊರಿಯರ್ ಸಂಸ್ಥೆಗೆ ಮೊದಲೇ ಇಮೇಲ್ ಬರೆದು ಉತ್ತರ ಪಡೆದಿಟ್ಟುಕೊಳ್ಳುವುದು ಇದೇ ಕಾರಣಕ್ಕೆ. ಜೊತೆಗೆ ತರಿಸುವ ಬ್ಯಾಗು, ಹೆಚ್ಚುವರಿ ಚಾರ್ಜರ್‌ಗಳಿಗೆ ಅವುಗಳದೇ ಬೇರೆ ದರಗಳಿವೆ. ಅವನ್ನು ಊರಿನಲ್ಲೇ ಕೊಳ್ಳಿ.

ನಾಲ್ಕನೆಯ ಹೆಜ್ಜೆ: ಹಣ ಪಾವತಿ

ಕಾರ್ಡಿನ ಅಂತಾರಾಷ್ಟ್ರೀಯ ವ್ಯವಹಾರವನ್ನು ಬ್ಯಾಂಕಿನ ಆ್ಯಪ್‌ನಲ್ಲಿ ನೀವೇ ತೆರೆಯಬೇಕು, ಖರೀದಿ ಮುಗಿದ ಮೇಲೆ ಮುಚ್ಚಿಬಿಡಬೇಕು. ಹಲವು ಕ್ರೆಡಿಟ್ ಕಾರ್ಡ್‌ಗಳು ವಿದೇಶಿ ವ್ಯವಹಾರಕ್ಕೆ ಶೇ. 2ರಿಂದ 3.5ರವರೆಗೆ ಶುಲ್ಕ ಹಾಕುತ್ತವೆ, ಆ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ. ನಮ್ಮ ಉದಾಹರಣೆಯ ₹95,400ರ ಮೇಲೆ ಶೇ. 3.5 ಎಂದರೆ ₹3,339, ಜಿಎಸ್‌ಟಿ ಸೇರಿ ₹3,940. ಕೊನೆಯ ಪುಟದಲ್ಲಿ ರೂಪಾಯಿಯಲ್ಲೇ ಪಾವತಿಸುತ್ತೀರಾ ಎಂದು ಕೇಳಿದರೆ ಒಪ್ಪಬೇಡಿ. ಅಲ್ಲಿ ದರ ನಿಗದಿ ಮಾಡುವುದು ಅಂಗಡಿಯ ಕಡೆಯವರು, ಮತ್ತು ಅದು ನಿಮ್ಮ ಬ್ಯಾಂಕಿನ ದರಕ್ಕಿಂತ ಒಳ್ಳೆಯದಾಗಿದ್ದನ್ನು ನಾನಂತೂ ನೋಡಿಲ್ಲ.

ಕೊರಿಯರ್ ಸಂಸ್ಥೆ ನಿಮ್ಮ ಪರವಾಗಿ ತೆರಿಗೆ ಕಟ್ಟಿ ಆಮೇಲೆ ವಸೂಲಿ ಮಾಡುವುದಕ್ಕೂ ಶುಲ್ಕವಿದೆ. ಅದನ್ನು ಜಿಎಸ್‌ಟಿ ಸೇರಿ ₹1,770 ಎಂದು ಹಿಡಿದರೆ, ಮನೆ ಮುಟ್ಟಿದ ಬೆಲೆ ₹1,18,464. ತೊಂಬತ್ತು ಸಾವಿರ ಎಂದುಕೊಂಡಿದ್ದು ಇಲ್ಲಿಗೆ ಬಂದು ನಿಂತಿತು. ಅದೇ ಮಾದರಿ ಭಾರತದಲ್ಲಿ ₹1,25,000ಕ್ಕೆ ಸಿಗುವಂತಿದ್ದರೆ ಉಳಿಯುವ ಆರೂವರೆ ಸಾವಿರಕ್ಕಾಗಿ ಈ ತಲೆನೋವು ಬೇಡ ಎನ್ನುವವನು ನಾನು. ದಸರಾ, ದೀಪಾವಳಿಯ ರಿಯಾಯಿತಿಯಲ್ಲಿ ಅಷ್ಟು ಇಲ್ಲೇ ಇಳಿಯುತ್ತದೆ. ವ್ಯತ್ಯಾಸ ಇಪ್ಪತ್ತು ಸಾವಿರ ದಾಟಿದಾಗ, ಅಥವಾ ಆ ಮಾದರಿ ಭಾರತದಲ್ಲಿ ಮಾರಾಟಕ್ಕೇ ಇಲ್ಲದಿದ್ದಾಗ ಮಾತ್ರ ಮುಂದುವರಿಯಿರಿ.

ಅಮೆಜಾನ್‌ನಂತಹ ಕೆಲವು ತಾಣಗಳು ಆಮದು ಶುಲ್ಕದ ಠೇವಣಿಯನ್ನು ಆರ್ಡರ್ ಮಾಡುವಾಗಲೇ ಪಡೆದುಕೊಳ್ಳುತ್ತವೆ, ಹೆಚ್ಚಾದ ಹಣವನ್ನು ಹಿಂದಿರುಗಿಸುತ್ತವೆ. ಸುಂಕ ಕಟ್ಟಿ ತಲುಪಿಸುವ ಈ ಪದ್ಧತಿಯನ್ನು ವ್ಯಾಪಾರದ ಭಾಷೆಯಲ್ಲಿ ಡಿಡಿಪಿ ಎನ್ನುತ್ತಾರೆ. ಡಿಎಪಿ ಎಂದಿದ್ದರೆ ಸುಂಕ ನಿಮ್ಮ ಪಾಲಿಗೆ. ಮೊದಲ ಬಾರಿಗೆ ತರಿಸುವವರಿಗೆ ಡಿಡಿಪಿ ಸ್ವಲ್ಪ ದುಬಾರಿಯಾದರೂ ವಾಸಿ.

ಐದನೆಯ ಹೆಜ್ಜೆ: ಇನ್‌ವಾಯ್ಸ್ ಮತ್ತು ವಿಳಾಸ

ಎಷ್ಟೇ ಸರಿಯಾಗಿ ಹಾಕಿದ ಲೆಕ್ಕವೂ ಕೆಡುವುದು ಇಲ್ಲಿ. ನಾನು ತರಿಸಿದ ಮೊದಲ ಲ್ಯಾಪ್‌ಟಾಪಿನ ಇನ್‌ವಾಯ್ಸಿನಲ್ಲಿ ಕಂಪ್ಯೂಟರ್ ಬಿಡಿಭಾಗ ಎಂದಷ್ಟೇ ಇತ್ತು. ಮಾದರಿಯ ಹೆಸರಿಲ್ಲ, ಸೀರಿಯಲ್ ಸಂಖ್ಯೆಯಿಲ್ಲ. ಆಧಾರ್‌ನಲ್ಲಿ ಆಲೂರು ತಾಲ್ಲೂಕಿನ ಹಳ್ಳಿಯ ವಿಳಾಸ, ಪಾರ್ಸೆಲ್ ಮೇಲೆ ಹಾಸನದ ಬಾಡಿಗೆ ಮನೆಯ ವಿಳಾಸ. ಶುಕ್ರವಾರ ಸಂಜೆ ಕೆವೈಸಿ ಕೇಳಿ ಬಂದ ಸಂದೇಶವನ್ನು ನಾನು ವಂಚಕರದ್ದಿರಬೇಕೆಂದು ಅಳಿಸಿಹಾಕಿದೆ. ಸೋಮವಾರ ಫೋನು ಬಂದಾಗ ಬಾಡಿಗೆ ಕರಾರುಪತ್ರವನ್ನು ಹುಡುಕಿ, ಸ್ಕ್ಯಾನ್ ಮಾಡಿಸಿ ಕಳುಹಿಸಬೇಕಾಯಿತು. ಬಿಡಿಭಾಗವಲ್ಲ, ಪೂರ್ತಿ ಲ್ಯಾಪ್‌ಟಾಪ್ ಎಂದು ಆರ್ಡರ್ ಪುಟದ ಪ್ರತಿಯೊಂದಿಗೆ ವಿವರಿಸುವ ಹೊತ್ತಿಗೆ ಆರು ದಿನ ಕಳೆದಿತ್ತು, ಗೋದಾಮಿನ ಬಾಡಿಗೆ ಬಿಲ್ಲಿಗೆ ಸೇರಿತ್ತು. ತಪ್ಪಿನಲ್ಲಿ ಅಂಗಡಿಯವರ ಪಾಲೆಷ್ಟೋ ನನ್ನ ಪಾಲೂ ಅಷ್ಟೇ.

ಅಂದಿನಿಂದ ಪಾಲಿಸುತ್ತಿರುವುದು ಹೀಗಿದೆ. ಇನ್‌ವಾಯ್ಸಿನಲ್ಲಿ ಹೊಸ ಲ್ಯಾಪ್‌ಟಾಪ್ ಎಂಬ ವಿವರಣೆ, ಕಂಪನಿ ಮತ್ತು ಮಾದರಿ, ಸಂಖ್ಯೆ ಒಂದು, ರಿಯಾಯಿತಿ ಕಳೆದ ನಿಜವಾದ ಬೆಲೆ, ಸಾಗಣೆ ವೆಚ್ಚ ಇವಿಷ್ಟೂ ಇರಬೇಕು. ಹೆಸರು ಆಧಾರ್ ಅಥವಾ ಪಾನ್‌ನಲ್ಲಿರುವಂತೆಯೇ ಇರಬೇಕು. ಅಲ್ಲಿ ತಂದೆಯ ಹೆಸರು ಸೇರಿದ್ದರೆ ಇಲ್ಲಿಯೂ ಸೇರಲಿ. ವೈಯಕ್ತಿಕ ಬಳಕೆಗೆ ಆಮದು-ರಫ್ತು ಕೋಡ್ ಬೇಕಿಲ್ಲ. ಮೂಡಿಗೆರೆ, ಕೊಪ್ಪದ ಕಡೆಯವರು ತೋಟದ ಹೆಸರು ಮತ್ತು ಅಂಚೆ ಎಂದಷ್ಟೇ ಬರೆದರೆ ನಮ್ಮೂರಿನ ಪೋಸ್ಟ್‌ಮ್ಯಾನ್‌ಗೆ ಸಾಕು, ಕೊರಿಯರ್‌ಗೆ ಸಾಲದು. ಅಂತಹ ಪಿನ್‌ಕೋಡ್‌ಗಳಿಗೆ ದೂರದ ಪ್ರದೇಶದ ಹೆಚ್ಚುವರಿ ಶುಲ್ಕವೂ ಇರಬಹುದು. ಚಿಕ್ಕಮಗಳೂರು ಪೇಟೆಯಲ್ಲಿರುವ ಪರಿಚಿತರ ವಿಳಾಸ ಕೊಡುವುದಾದರೆ ಗುರುತಿನ ಚೀಟಿಯ ವಿಳಾಸ ಹೊಂದಿಕೆಯಾಗದು ಎಂಬುದನ್ನು ಮೊದಲೇ ತಿಳಿಸಿ, ಏನು ದಾಖಲೆ ಬೇಕೆಂದು ಕೇಳಿಕೊಳ್ಳಿ.

ಬೆಲೆಯನ್ನು ಕಡಿಮೆ ಬರೆಸಬೇಡಿ. ಲ್ಯಾಪ್‌ಟಾಪಿನ ಬೆಲೆ ತಿಳಿಯಲು ಅಧಿಕಾರಿಗೆ ಬೇಕಾದದ್ದು ಅರ್ಧ ನಿಮಿಷದ ಹುಡುಕಾಟ. ಘೋಷಿಸಿದ ಮೌಲ್ಯವನ್ನು ತಿರಸ್ಕರಿಸುವ ಅಧಿಕಾರ ಅವರಿಗೆ 2007ರ ಮೌಲ್ಯಮಾಪನ ನಿಯಮಗಳಲ್ಲಿದೆ, ಸುಳ್ಳು ಘೋಷಣೆಗೆ ಕಸ್ಟಮ್ಸ್ ಕಾಯ್ದೆಯಲ್ಲಿ ಮುಟ್ಟುಗೋಲು ಮತ್ತು ದಂಡ ಎರಡೂ ಇವೆ.

ಆರನೆಯ ಹೆಜ್ಜೆ: ಬಿಲ್ ಆಫ್ ಎಂಟ್ರಿ ಓದುವುದು

ತೆರಿಗೆ ಕಟ್ಟಿ ಎಂಬ ಸಂದೇಶ ಬಂದಾಗ ಬಿಲ್ ಆಫ್ ಎಂಟ್ರಿಯ, ಅಂದರೆ ಕಸ್ಟಮ್ಸ್‌ಗೆ ಸಲ್ಲಿಸಿದ ಆಮದು ಘೋಷಣಾಪತ್ರದ, ಪ್ರತಿಯನ್ನು ಕೇಳಿ ಪಡೆಯಿರಿ. ಅದರಲ್ಲಿ ನೋಡಬೇಕಾದ ಜಾಗಗಳು ನಾಲ್ಕೇ: ಶೀರ್ಷಿಕೆಯ ಸಂಖ್ಯೆ, ಸಾಗಣೆ ವೆಚ್ಚವೆಂದು ಹಿಡಿದ ಮೊತ್ತ, ವಿನಿಮಯ ದರ, ಐಜಿಎಸ್‌ಟಿ. ತಪ್ಪು ಕಂಡರೆ ಹಣ ಕಟ್ಟುವ ಮೊದಲೇ ತಿದ್ದುಪಡಿ ಕೇಳಿ. ಎಲ್ಲ ಮುಗಿದ ಮೇಲೆ ಎಚ್ಚೆತ್ತರೆ ಆದೇಶ ಕೈಸೇರಿದ 60 ದಿನಗಳೊಳಗೆ ಕಸ್ಟಮ್ಸ್ ಮೇಲ್ಮನವಿ ಆಯುಕ್ತರ ಮುಂದೆ ಹೋಗುವ ದಾರಿಯಿದೆ, ಆದರೆ ಹತ್ತು ಸಾವಿರಕ್ಕಾಗಿ ಹಾಸನದಿಂದ ಬೆಂಗಳೂರಿಗೆ ಎಷ್ಟು ಸಲ ಓಡಾಡುತ್ತೀರಿ ಎಂಬುದನ್ನು ನೀವೇ ಯೋಚಿಸಿ.

ನನ್ನಂತೆ ನಿಜವಾದ ಸಂದೇಶವನ್ನು ಅಳಿಸುವುದೂ ತಪ್ಪು, ಸುಳ್ಳು ಸಂದೇಶವನ್ನು ನಂಬುವುದೂ ತಪ್ಪು. ಸಂದೇಶದಲ್ಲಿರುವ ಲಿಂಕನ್ನು ಒತ್ತದೆ, ಕೊರಿಯರ್ ಸಂಸ್ಥೆಯ ತಾಣಕ್ಕೆ ನೀವೇ ಹೋಗಿ ಟ್ರ್ಯಾಕಿಂಗ್ ಸಂಖ್ಯೆ ಹಾಕಿ ನೋಡಿ. ಕಸ್ಟಮ್ಸ್ ಅಧಿಕಾರಿಗಳು ಯಾರದೋ ಯುಪಿಐ ಸಂಖ್ಯೆಗೆ ಸುಂಕ ಕಳುಹಿಸಿ ಎನ್ನುವುದಿಲ್ಲ. ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಜಿಎಸ್‌ಟಿ ನೋಂದಣಿಯಿರುವ ವ್ಯಾಪಾರಿಗಳು ವ್ಯವಹಾರಕ್ಕೆಂದು ತರಿಸುವುದಾದರೆ ಬಿಲ್ ಆಫ್ ಎಂಟ್ರಿಯಲ್ಲಿ ಜಿಎಸ್‌ಟಿ ಸಂಖ್ಯೆ ಇರಲೇಬೇಕು. ಇದ್ದರೆ ಐಜಿಎಸ್‌ಟಿ ಹೂಡುವಳಿ ತೆರಿಗೆ ಜಮೆಯಾಗಿ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಹಿಂದೆ ಸಿಗುತ್ತದೆ, ಆಗ ಮೇಲಿನ ಲೆಕ್ಕವೇ ಬೇರೆಯಾಗುತ್ತದೆ. ನೋಂದಣಿಯಿಲ್ಲದ ತೋಟದ ಮಾಲೀಕರಿಗೆ ಈ ಸೌಲಭ್ಯವಿಲ್ಲ.

ಪೆಟ್ಟಿಗೆ ತೆರೆದ ಮೇಲೆ

ಪೆಟ್ಟಿಗೆ ತೆರೆಯುವುದನ್ನು ವಿಡಿಯೊ ಮಾಡಿಕೊಳ್ಳಿ. ಅಡಾಪ್ಟರ್ ಮೇಲೆ 100–240 ವೋಲ್ಟ್ ಎಂದಿದ್ದರೆ ನಮ್ಮ 230 ವೋಲ್ಟಿಗೆ ಸಾಕು. ಚಪ್ಪಟೆ ಪಿನ್ನಿನ ವೈರನ್ನು ಮಾತ್ರ ಬದಲಿಸಿ, ಮೂರು ಪಿನ್ನಿನ ಭಾರತೀಯ ವೈರನ್ನು ಇಲ್ಲೇ ಕೊಳ್ಳಿ. ಅಗ್ಗದ ಪರಿವರ್ತಕ ಪ್ಲಗ್ಗಿನಲ್ಲಿ ಅರ್ಥ್ ಸಂಪರ್ಕ ತಪ್ಪಿ ಲೋಹದ ಮೈ ಜುಮ್ಮೆನ್ನುವುದುಂಟು, ಏಪ್ರಿಲ್-ಮೇ ತಿಂಗಳ ನಮ್ಮ ಗುಡುಗು ಸಿಡಿಲಿನಲ್ಲಿ ಅದು ತಮಾಷೆಯಲ್ಲ. ಕೀಬೋರ್ಡ್ ಬಗ್ಗೆ ಆರ್ಡರ್ ಮಾಡುವಾಗಲೇ ಗಮನವಿರಲಿ: ಜರ್ಮನಿಯದರಲ್ಲಿ ವೈ ಮತ್ತು ಝಡ್ ಅದಲುಬದಲಾಗಿರುತ್ತವೆ, ಜಪಾನಿನದರಲ್ಲಿ ಸ್ಪೇಸ್ ಬಾರ್ ಚಿಕ್ಕದು.

ವಾರಂಟಿಯ ಮಾತನ್ನು ಕಂಪನಿಯಿಂದ ಕಂಪನಿಗೆ ಬೇರೆಯಾಗಿ ನೋಡಬೇಕು. ಆ್ಯಪಲ್ ಮ್ಯಾಕ್‌ಬುಕ್‌ನ ಒಂದು ವರ್ಷದ ವಾರಂಟಿಗೆ ಭಾರತದಲ್ಲೂ ಸೇವೆ ಸಿಗುತ್ತದೆ. ಡೆಲ್‌ನಲ್ಲಿ ಸರ್ವಿಸ್ ಟ್ಯಾಗನ್ನು (ಲ್ಯಾಪ್‌ಟಾಪಿನ ಗುರುತಿನ ಸಂಖ್ಯೆ) ಮಾರಿದ ದೇಶದಿಂದ ಭಾರತಕ್ಕೆ ವರ್ಗಾಯಿಸಲು ಅರ್ಜಿ ಹಾಕಬೇಕು. ಇದನ್ನು ಲ್ಯಾಪ್‌ಟಾಪ್ ಕೆಟ್ಟ ಮೇಲಲ್ಲ, ಬಂದ ವಾರವೇ ಮಾಡಿ ಮುಗಿಸಿ. ಉಳಿದ ಕಂಪನಿಗಳದ್ದನ್ನು ಸೀರಿಯಲ್ ಸಂಖ್ಯೆ ಹಾಕಿ ಅವರವರ ತಾಣದಲ್ಲೇ ಪರೀಕ್ಷಿಸಿ. ಭಾರತದಲ್ಲಿ ಮಾರಾಟವಾಗದ ಮಾದರಿಯಾದರೆ ವಾರಂಟಿ ಒಪ್ಪಿದರೂ ಬಿಡಿಭಾಗ ಬರುವುದು ತಡವಾಗುತ್ತದೆ ಎಂದೇ ಭಾವಿಸಿ.

ಲ್ಯಾಪ್‌ಟಾಪ್ ಬರುವಾಗಲೇ ದೋಷವಿದ್ದು ಹಿಂದಕ್ಕೆ ಕಳುಹಿಸಬೇಕಾದರೆ, ಕಟ್ಟಿದ ಸುಂಕವನ್ನು ಮರಳಿ ಪಡೆಯಲು ಕಸ್ಟಮ್ಸ್ ಕಾಯ್ದೆಯ 26ಎ ವಿಧಿಯಲ್ಲಿ ಅವಕಾಶವಿದೆ. ದೋಷ ಕಂಡುಹಿಡಿಯಲು ಬೇಕಾದುದಕ್ಕಿಂತ ಹೆಚ್ಚಾಗಿ ಅದನ್ನು ಬಳಸಿರಬಾರದು, ಸರಕು ಬಿಡುಗಡೆಯಾದ 30 ದಿನಗಳೊಳಗೆ ಕಸ್ಟಮ್ಸ್‌ಗೆ ತಿಳಿಸಿ ಮರುರಫ್ತು ಮಾಡಬೇಕು. ಕೊರಿಯರ್ ಬೆಂಗಳೂರಿಗೆ ಒಯ್ಯುವ ದಿನಗಳೂ ಆ ಮೂವತ್ತರಲ್ಲೇ ಸೇರುವುದರಿಂದ, ಬಂದ ಮೊದಲ ಎರಡು ದಿನಗಳಲ್ಲೇ ಪರದೆಯ ಪಿಕ್ಸೆಲ್, ಎಲ್ಲ ಪೋರ್ಟುಗಳು, ವೈ-ಫೈ, ಕ್ಯಾಮೆರಾ, ಬ್ಯಾಟರಿಯನ್ನು ಪರೀಕ್ಷಿಸಿ ಮುಗಿಸಿ. ಮೂಲ ಪೆಟ್ಟಿಗೆ, ಇನ್‌ವಾಯ್ಸ್ ಮತ್ತು ಬಿಲ್ ಆಫ್ ಎಂಟ್ರಿಯನ್ನು ವಾರಂಟಿ ಮುಗಿಯುವ ತನಕ ಅಟ್ಟದ ಮೇಲಿಡಿ, ಮಳೆಗಾಲದಲ್ಲಿ ಸೋರದ ಮೂಲೆ ನೋಡಿ.